ತಿರುಗುವ ಸ್ಪೀಕರಿಗೆ ಹದ ಹಿಡಿಸುವುದು

ಲ್ಯಾಪ್‌ಟಾಪಿಗೆ ಆರ್ಗನ್ ಪ್ಲಗಿನ್ ಹಾಕಿಕೊಂಡವರು ಮೊದಲ ದಿನವೇ ರೋಟರಿ ಸ್ಪೀಕರನ್ನು ‘ಫಾಸ್ಟ್’ಗೆ ತಿರುಗಿಸಿ ಅಲ್ಲಿಯೇ ಬಿಟ್ಟುಬಿಡುತ್ತಾರೆ. ಸ್ವರ ಗಿರಗಿರನೆ ಸುತ್ತುತ್ತದೆ, ಕೋಣೆ ತುಂಬಿದಂತಾಗುತ್ತದೆ, ಖುಷಿಯೂ ಆಗುತ್ತದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಗಿಟಾರಿನವನು ತಿರುಗಿ ನೋಡಿ, ‘ಆ ಗುಂಯ್ ಅನ್ನೋದನ್ನ ಸ್ವಲ್ಪ ನಿಲ್ಸು ಮಗಾ’ ಎನ್ನುತ್ತಾನೆ. ಅಲ್ಲಿಂದ ಮುಂದೆ ರೋಟರಿ ಆಫ್ ಆಗುತ್ತದೆ, ಆರ್ಗನ್ ಸಪ್ಪೆಯಾಗುತ್ತದೆ, ಅದರ ಜಾಗಕ್ಕೆ ಸ್ಟ್ರಿಂಗ್ಸ್ ಪ್ಯಾಡ್ ಬರುತ್ತದೆ.

ಹೀಗಾಗಬೇಕಿಲ್ಲ. ರೋಟರಿ ಸ್ಪೀಕರಿನ ಸೊಗಸೆಲ್ಲ ಇರುವುದು ಅದರ ವೇಗ ಬದಲಾಗುವ ನಾಲ್ಕೈದು ಸೆಕೆಂಡುಗಳಲ್ಲಿ. ನಿಧಾನದಿಂದ ಜೋರಿಗೆ ಏರುವಾಗ, ಜೋರಿನಿಂದ ನಿಧಾನಕ್ಕೆ ಇಳಿಯುವಾಗ ಸ್ವರ ಉಸಿರಾಡುತ್ತದೆ. ಅದು ಸರಿಯಾಗಿ ಕೇಳಿಸಬೇಕಾದರೆ, ಮೂಲದಲ್ಲಿ ಇದೊಂದು ಯಂತ್ರ ಎನ್ನುವುದನ್ನು ನೆನಪಿಟ್ಟುಕೊಳ್ಳಬೇಕು. ಮರದ ಪೆಟ್ಟಿಗೆ, ಅದರೊಳಗೆ ಮೋಟಾರು, ಬೆಲ್ಟು, ಪುಲ್ಲಿ, ಬೇರಿಂಗ್, ತಿರುಗುವ ಭಾರ. ಪರದೆಯ ಮೇಲಿನ ಒಂದೊಂದು ನಾಬಿನ ಹಿಂದೆಯೂ ಆ ಪೆಟ್ಟಿಗೆಯ ಒಂದು ಬಿಡಿಭಾಗವಿದೆ. ಯಾವ ನಾಬು ಯಾವ ಭಾಗದ್ದು ಎಂದು ಗೊತ್ತಾದರೆ ಹದ ತಾನಾಗಿ ಸಿಗುತ್ತದೆ.

ಈ ಲೇಖನ ಮುಖ್ಯವಾಗಿ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆಯ ಹವ್ಯಾಸಿ ಕೀಬೋರ್ಡ್ ವಾದಕರಿಗೆ. ವಾರವಿಡೀ ಆಫೀಸು ಅಥವಾ ಶಿಫ್ಟು, ಶನಿವಾರ ರಿಹರ್ಸಲ್, ಭಾನುವಾರ ಕೆಲವರಿಗೆ ಚರ್ಚಿನ ಕ್ವಾಯರ್, ನವೆಂಬರಿನಲ್ಲಿ ಕಂಪನಿಯ ರಾಜ್ಯೋತ್ಸವದ ಆರ್ಕೆಸ್ಟ್ರಾ. ಇಂಥವರ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಮಿಡಿ ಕೀಬೋರ್ಡ್, ಆಫೀಸಿನದೋ ಸ್ವಂತದ್ದೋ ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್. ಅಷ್ಟು ಸಾಕು.

ಚಿಕ್ಕ ಕೋಣೆಯಲ್ಲಿ ಹುಟ್ಟಿದ ಪೆಟ್ಟಿಗೆ

ಅಮೆರಿಕದ ಲಾರೆನ್ಸ್ ಹ್ಯಾಮಂಡ್ ತನ್ನ ವಿದ್ಯುತ್ ಆರ್ಗನ್ನನ್ನು 1935ರಲ್ಲಿ ಮಾರುಕಟ್ಟೆಗೆ ತಂದ. ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳಿಗೆ ಅದು ಅಗ್ಗದ ದಾರಿಯಾಯಿತು. 1937ರಲ್ಲಿ ಡಾನ್ ಲೆಸ್ಲಿ ಎಂಬಾತ ಒಂದನ್ನು ಕೊಂಡು ಮನೆಯಲ್ಲಿಟ್ಟುಕೊಂಡ. ಅಂಗಡಿಯ ದೊಡ್ಡ ಹಜಾರದಲ್ಲಿ ತುಂಬು ದನಿಯಲ್ಲಿ ಕೇಳಿಸಿದ್ದ ವಾದ್ಯ ಮನೆಯ ಕೋಣೆಯಲ್ಲಿ ನೀರಸವಾಗಿತ್ತು. ಹಜಾರದ ಗೋಡೆ, ಚಾವಣಿಗಳಿಂದ ಬೇರೆ ಬೇರೆ ಹೊತ್ತಿಗೆ ಮರಳಿ ಬರುವ ಶಬ್ದ ಸ್ವರಕ್ಕೆ ಜೀವ ಕೊಡುತ್ತಿತ್ತು, ಕೋಣೆಯಲ್ಲಿ ಆ ಆಟಕ್ಕೆ ಜಾಗವಿಲ್ಲ. ಶಬ್ದ ಹೊರಡುವ ಬಾಯಿಯನ್ನೇ ತಿರುಗಿಸಿದರೆ ಹೇಗೆ ಎಂದು ಯೋಚಿಸಿದ ಲೆಸ್ಲಿ, ಹಲವು ಪ್ರಯೋಗಗಳ ನಂತರ 1940ರ ದಶಕದ ಆರಂಭದಲ್ಲಿ ತಿರುಗುವ ಸ್ಪೀಕರನ್ನು ಮಾರಾಟಕ್ಕಿಟ್ಟ. ಹ್ಯಾಮಂಡ್‌ಗೆ ಅದು ಒಂದಿಷ್ಟೂ ಹಿಡಿಸಲಿಲ್ಲ. ನುಡಿಸುವವರು ಮಾತ್ರ ಎರಡನ್ನೂ ಜೋಡಿಯಾಗಿಯೇ ಇಟ್ಟುಕೊಂಡರು. ಲೆಸ್ಲಿ ತನ್ನ ಕಂಪನಿಯನ್ನು 1965ರಲ್ಲಿ ಸಿಬಿಎಸ್‌ಗೆ ಮಾರಿದ. ಇಂದು ಹ್ಯಾಮಂಡ್, ಲೆಸ್ಲಿ ಎರಡೂ ಹೆಸರುಗಳು ಜಪಾನಿನ ಸುಝುಕಿ ಎಂಬ ಸಂಗೀತವಾದ್ಯ ಸಂಸ್ಥೆಯ ಕೈಯಲ್ಲಿವೆ.

ವೈಟ್‌ಫೀಲ್ಡಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂತು ಆರ್ಗನ್ ನುಡಿಸುವವರಿಗೆ ಇರುವುದು ಲೆಸ್ಲಿಗಿದ್ದ ತೊಂದರೆಯೇ: ಕೋಣೆ ಚಿಕ್ಕದು. ಹ್ಯಾಮಂಡ್‌ನ ಅಸಲಿ ಬಿ-3 ಆರ್ಗನ್ ಬೆಂಚು, ಪೆಡಲ್ ಸಮೇತ 190 ಕಿಲೋಗ್ರಾಂ ಹತ್ತಿರ ತೂಗುತ್ತದೆ. ಲೆಸ್ಲಿ 122 ಪೆಟ್ಟಿಗೆಯ ಎತ್ತರ 41 ಇಂಚು. ಲಿಫ್ಟಿನಲ್ಲಿ ಏರಿಸುವ ಮಾತೇ ಇಲ್ಲ, ಆದ್ದರಿಂದ ಪ್ಲಗಿನ್.

ಪೆಟ್ಟಿಗೆಯೊಳಗೆ ಏನಿದೆ ನೋಡೋಣ. ಆರ್ಗನ್ನಿನಿಂದ ಬಂದ ಶಬ್ದವನ್ನು 40 ವಾಟಿನ ವಾಲ್ವ್ ಆಂಪ್ಲಿಫೈಯರ್ ಹಿಗ್ಗಿಸುತ್ತದೆ. ಬಳಿಕ 800 ಹರ್ಟ್ಸಿನಲ್ಲಿ ಶಬ್ದ ಇಬ್ಭಾಗವಾಗುತ್ತದೆ. ಮೇಲಿನ ಸ್ವರಗಳು ಪೆಟ್ಟಿಗೆಯ ಮೇಲಂತಸ್ತಿನ ಹಾರ್ನ್‌ಗೆ ಹೋಗುತ್ತವೆ. ನೋಡಲು ಎರಡು ಬಾಯಿಯ ತುತ್ತೂರಿ, ಆದರೆ ಶಬ್ದ ಬರುವುದು ಒಂದೇ ಬಾಯಿಂದ. ಇನ್ನೊಂದು ಬಾಯಿ ಮುಚ್ಚಿದೆ, ತಿರುಗುವಾಗ ತೂಕ ಸರಿದೂಗಲಿ ಎಂದಷ್ಟೇ ಅದು ಅಲ್ಲಿರುವುದು. ಕೆಳಗಿನ ಸ್ವರಗಳು 15 ಇಂಚಿನ ಸ್ಪೀಕರಿಗೆ ಹೋಗುತ್ತವೆ. ಆ ಸ್ಪೀಕರ್ ತಿರುಗುವುದಿಲ್ಲ. ನೆಲದ ಕಡೆ ಮುಖ ಮಾಡಿ ಕೂತಿರುತ್ತದೆ, ಅದರ ಕೆಳಗಿನ ಟೊಳ್ಳು ಡ್ರಮ್ ತಿರುಗುತ್ತ ಶಬ್ದವನ್ನು ಸುತ್ತಲೂ ಚೆಲ್ಲುತ್ತದೆ. ಹಾರ್ನ್ ಒಂದು ದಿಕ್ಕಿಗೆ ತಿರುಗಿದರೆ ಡ್ರಮ್ ಅದರ ಎದುರು ದಿಕ್ಕಿಗೆ.

ಜೋರು ವೇಗದಲ್ಲಿ ಹಾರ್ನ್ ನಿಮಿಷಕ್ಕೆ ಸುಮಾರು 400 ಸುತ್ತು ಹಾಕುತ್ತದೆ. ಅದರ ಬಾಯಿ ನಡುವಿನಿಂದ 20 ಸೆಂಟಿಮೀಟರ್ ದೂರದಲ್ಲಿದೆ ಎಂದಿಟ್ಟುಕೊಂಡರೆ, ಬಾಯಿಯ ವೇಗ ಸೆಕೆಂಡಿಗೆ 8 ಮೀಟರಿನಷ್ಟಾಗುತ್ತದೆ. ನಮ್ಮ ಕಡೆಗೆ ಬರುವಾಗ ಸ್ವರ ಮೇಲೇರುತ್ತದೆ, ದೂರ ಸರಿಯುವಾಗ ಇಳಿಯುತ್ತದೆ. ಡಾಪ್ಲರ್ ಪರಿಣಾಮ ಎಂದು ಪಿಯುಸಿಯಲ್ಲಿ ಓದಿದ್ದು ಇದೇ. ಲೆಕ್ಕ ಹಾಕಿದರೆ ಈ ಏರಿಳಿತ ಆಚೀಚೆ ಅರ್ಧ ಸ್ವರಸ್ಥಾನಕ್ಕೆ ತುಸು ಕಡಿಮೆ. ನಿಧಾನ ವೇಗದಲ್ಲಿ ಅದು ಇದರ ಒಂಬತ್ತನೇ ಒಂದು ಪಾಲು ಮಾತ್ರ, ಹಾಗಾಗಿ ನಿಧಾನದಲ್ಲಿ ಶ್ರುತಿ ಅಲುಗಾಡಿದ್ದು ಗೊತ್ತಾಗುವುದಿಲ್ಲ, ಸ್ವರ ತೇಲಿದಂತೆ ಕೇಳುತ್ತದೆ. ಡ್ರಮ್ಮಿನಲ್ಲಿ ಶ್ರುತಿಯ ಏರಿಳಿತ ತೀರ ಕಡಿಮೆ, ಅಲ್ಲಿ ಕೇಳಿಸುವುದು ದನಿಯ ದೊಡ್ಡದು ಸಣ್ಣದು.

ಪೀಣ್ಯದ ಕಣ್ಣಿನಿಂದ ನೋಡಿದರೆ

ಪೀಣ್ಯದ ಯಾವುದಾದರೂ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರಿಗೆ ಮುಂದಿನ ಮಾತು ಹೇಳಿಕೊಡಬೇಕಿಲ್ಲ. ಗ್ರೈಂಡಿಂಗ್ ವೀಲಿನ ಸ್ವಿಚ್ ಹಾಕಿದ ತಕ್ಷಣ ಅದು ಪೂರ್ತಿ ವೇಗಕ್ಕೆ ಬರುವುದಿಲ್ಲ, ಸ್ವಿಚ್ ತೆಗೆದ ತಕ್ಷಣ ನಿಲ್ಲುವುದೂ ಇಲ್ಲ. ಏರಲು ಒಂದು ಹೊತ್ತು, ಇಳಿಯಲು ಇನ್ನೊಂದು ಹೊತ್ತು, ಎರಡೂ ಸಮವಲ್ಲ. ಭಾರ ಹೆಚ್ಚಿದ್ದಷ್ಟೂ ಹೊತ್ತು ಹೆಚ್ಚು. ಲೆಸ್ಲಿಯಲ್ಲೂ ಹಾಗೆಯೇ. ಹಾರ್ನ್ ಹಗುರ, ಒಂದು ಸೆಕೆಂಡಿನ ಆಸುಪಾಸಿನಲ್ಲಿ ವೇಗ ಹಿಡಿಯುತ್ತದೆ. ಡ್ರಮ್ ಭಾರ, ಅದಕ್ಕೆ ನಾಲ್ಕೈದು ಸೆಕೆಂಡು ಬೇಕು. ಸ್ವಿಚ್ ಒತ್ತಿದ ಮೇಲೆ ಹಾರ್ನ್ ಆಗಲೇ ಜೋರಾಗಿ ಸುತ್ತುತ್ತಿದ್ದರೂ ಡ್ರಮ್ ಇನ್ನೂ ಹಿಂದೆ ಏದುಸಿರು ಬಿಡುತ್ತ ಬರುತ್ತಿರುತ್ತದೆ. ಈ ಅಂತರವೇ ಲೆಸ್ಲಿಯ ಸಹಿ.

ಹಾರ್ನ್, ಡ್ರಮ್ ಎಂಬ ಈ ಒಂದೊಂದು ರೋಟರ್‌ಗೂ ಎರಡು ಮೋಟಾರು, ನಿಧಾನಕ್ಕೊಂದು, ಜೋರಿಗೊಂದು. ನಿಧಾನದ ಮೋಟಾರಿಗೆ ಕರೆಂಟು ಬಂದಾಗ ಅದರ ಶಾಫ್ಟ್ ಸರಿದು ರಬ್ಬರ್ ಚಕ್ರದ ಮೂಲಕ ಜೋರಿನ ಮೋಟಾರಿನ ಶಾಫ್ಟನ್ನು ತಿರುಗಿಸುತ್ತದೆ. ರಬ್ಬರ್ ಸವೆದರೆ, ಬೆಲ್ಟು ಸಡಿಲವಾದರೆ, ಬೇರಿಂಗಿಗೆ ಎಣ್ಣೆ ಆರಿದರೆ ಏರುವ ಇಳಿಯುವ ಹೊತ್ತು ಬದಲಾಗುತ್ತದೆ. ಹಳೆಯ ಪೆಟ್ಟಿಗೆಗಳು ಒಂದರಂತೆ ಇನ್ನೊಂದು ಕೇಳಿಸದಿರುವುದಕ್ಕೆ ಇದೂ ಕಾರಣ. ಪ್ಲಗಿನ್ನಿನಲ್ಲಿ ‘ಏಜ್’, ‘ಬೆಲ್ಟ್ ಟೆನ್ಶನ್’ ಎಂದೆಲ್ಲ ಬರೆದ ನಾಬುಗಳಿದ್ದರೆ ಅವು ತೋರಿಕೆಗೆ ಇಟ್ಟವಲ್ಲ, ಈ ಸವೆತವನ್ನೇ ಅನುಕರಿಸುತ್ತವೆ.

ಕರೆಂಟಿನ ಬಗ್ಗೆ ಒಂದು ಮಾತು. ಅಮೆರಿಕದ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಅಲ್ಲಿಗೆಂದು ಮಾಡಿದ ಲೆಸ್ಲಿಯನ್ನು ಪುಲ್ಲಿ ಬದಲಿಸದೆ ಇಲ್ಲಿ ಓಡಿಸಿದರೆ 400 ಸುತ್ತಿನ ಹಾರ್ನ್ 330ರ ಆಸುಪಾಸಿಗೆ ಇಳಿಯುತ್ತದೆ. ಹ್ಯಾಮಂಡ್ ಆರ್ಗನ್ನಿನ ಗತಿ ಇನ್ನೂ ಕಷ್ಟ. ಅದರ ಸ್ವರಚಕ್ರಗಳನ್ನು ತಿರುಗಿಸುವ ಮೋಟಾರು ವಿದ್ಯುತ್ತಿನ ಆವರ್ತನಕ್ಕೇ ಕಟ್ಟುಬಿದ್ದದ್ದು, ಆದ್ದರಿಂದ ಇಡೀ ವಾದ್ಯದ ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚು ಕುಸಿಯುತ್ತದೆ. ನಮ್ಮ ನಾಡಿನಲ್ಲೇ ಒಂದು ಕಾಲಕ್ಕೆ ಎರಡು ಆವರ್ತನಗಳಿದ್ದವು: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಹರ್ಟ್ಸಿನದು. ಪ್ಲಗಿನ್ನಿಗೆ ಈ ಯಾವ ಕಾಟವೂ ಇಲ್ಲ, ಬೆಸ್ಕಾಂ ಕರೆಂಟು ಹೋದರೂ ಬ್ಯಾಟರಿಯ ಮೇಲೆ ಶ್ರುತಿ ಕದಲದೆ ನುಡಿಯುತ್ತದೆ.

ರೋಟರಿಯನ್ನು ಮುಟ್ಟುವ ಮುಂಚೆ

ಹದ ತಪ್ಪುವುದು ಬಹುಪಾಲು ರೋಟರಿಗಿಂತ ಹಿಂದೆಯೇ. ಆರ್ಕೆಸ್ಟ್ರಾಗಳಲ್ಲಿ ಓಡಾಡುವ ಸಾಮಾನ್ಯ ಕೀಬೋರ್ಡುಗಳ ಎಷ್ಟೋ ‘ರಾಕ್ ಆರ್ಗನ್’ ದನಿಗಳಲ್ಲಿ ತಿರುಗುವಿಕೆ ರೆಕಾರ್ಡಿಂಗಿನಲ್ಲೇ ಸೇರಿಹೋಗಿರುತ್ತದೆ. ಮೂರು ಕೀ ಒತ್ತಿದರೆ ಮೂರು ಸ್ವರಗಳೂ ತಮ್ಮ ತಮ್ಮ ಲಯದಲ್ಲಿ ಸುತ್ತುತ್ತವೆ, ಮೇಲಿನ ಸ್ವರ ಬೇಗ, ಕೆಳಗಿನದು ನಿಧಾನ. ಅಸಲಿ ಪೆಟ್ಟಿಗೆಯಲ್ಲಿ ಎಲ್ಲ ಸ್ವರವೂ ಒಂದೇ ಹಾರ್ನಿನಿಂದ ಬರುವುದರಿಂದ ಎಲ್ಲ ಒಟ್ಟಿಗೇ ತಿರುಗುತ್ತವೆ. ಇಂಥ ದನಿಗೆ ಎಷ್ಟೇ ಒಳ್ಳೆಯ ರೋಟರಿ ಪ್ಲಗಿನ್ ಹಾಕಿದರೂ ಸುತ್ತಿನ ಮೇಲೆ ಸುತ್ತು ಕೂತು ಕಲಸುಮೇಲೋಗರ. ಮೊದಲು ರೋಟರಿ, ಕೋರಸ್, ರಿವರ್ಬ್ ಏನೂ ಇಲ್ಲದ ಆರ್ಗನ್ ದನಿಯನ್ನು ಆರಿಸಿಕೊಳ್ಳಿ. ಪರೀಕ್ಷೆ ಸುಲಭ: ರೋಟರಿ ಆಫ್ ಮಾಡಿ ಒಂದು ಸ್ವರವನ್ನು ಹಿಡಿದಿಡಿ. ಅದು ಗೆರೆ ಎಳೆದಂತೆ ನೇರ ನಿಲ್ಲಬೇಕು. ಒಂಚೂರು ಅಲುಗಿದರೂ ಬೇರೆ ದನಿ ಹುಡುಕಿ.

ಎರಡನೆಯದು ತಡ. ಆಡಿಯೋ ಇಂಟರ್‌ಫೇಸನ್ನು 48 ಕಿಲೋಹರ್ಟ್ಸಿನಲ್ಲಿ, 128 ಸ್ಯಾಂಪಲ್ ಬಫರಿನಲ್ಲಿ ಇಟ್ಟರೆ ಬಫರಿನ ತಡ 2.7 ಮಿಲಿಸೆಕೆಂಡು. ಲ್ಯಾಪ್‌ಟಾಪ್ ಮುಕ್ಕರಿಸಿದರೆ 256ಕ್ಕೆ ಏರಿಸಿ, ಪರವಾಗಿಲ್ಲ. ವಿಂಡೋಸಿನಲ್ಲಿ ಆಸಿಯೋ ಡ್ರೈವರ್ ಇಲ್ಲದೆ ನುಡಿಸಲು ಕೂರಬೇಡಿ. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ. ಮೀಟಿಂಗಿಗೆ ಅದು ಚೆನ್ನ, ಕೀ ಒತ್ತಿ ಸ್ವರ ಕಿವಿಗೆ ಬರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತದೆ. ಎಸ್.ಪಿ. ರೋಡಿನಲ್ಲಿ ಒಂದು ತಂತಿಯ ಹೆಡ್‌ಫೋನೂ ಬೇಕಾದರೆ ಎಕ್ಸ್‌ಟೆನ್ಶನ್ ಕೇಬಲ್ಲೂ ಕೊಂಡರೆ ಈ ತಲೆನೋವು ಮುಗಿಯಿತು.

ಮೂರನೆಯದು ಡ್ರಾಬಾರ್, ಅಂದರೆ ಆರ್ಗನ್ನಿನ ದನಿಯನ್ನು ಬೆರೆಸುವ ಎಳೆಪಟ್ಟಿ. ಒಂಬತ್ತು ಡ್ರಾಬಾರುಗಳನ್ನೂ ಪೂರ್ತಿ ಎಳೆದಿಟ್ಟು ರೋಟರಿಯನ್ನು ಹದ ಮಾಡಲು ಹೋದರೆ ಮೇಲಿನ ಸ್ವರಗಳ ಕಿರುಚಾಟದಲ್ಲಿ ಏನೂ ತಿಳಿಯುವುದಿಲ್ಲ. ಎಡಗಡೆಯ ಮೂರನ್ನು ಪೂರ್ತಿ ಎಳೆದು ಉಳಿದ ಆರನ್ನು ಒಳಗೆ ತಳ್ಳಿ. ಜಾಝ್ ಆರ್ಗನ್ ವಾದಕ ಜಿಮ್ಮಿ ಸ್ಮಿತ್‌ನಿಂದ ಹೆಸರಾದ ಈ ಜೋಡಣೆ ಕೆಲಸಕ್ಕೆ ಒಳ್ಳೆಯ ಆರಂಭ.

ವೇಗ, ಅದಕ್ಕಿಂತ ಹೆಚ್ಚಾಗಿ ವೇಗದ ಬದಲಾವಣೆ

ಈಗ ನಡುವಿನ ಸಿ ಮೇಜರ್ ಕಾರ್ಡನ್ನು ಹಿಡಿದಿಟ್ಟುಕೊಳ್ಳಿ. ಡ್ರಮ್ಮಿನ ವಾಲ್ಯೂಮನ್ನು ಸೊನ್ನೆಗೆ ಇಳಿಸಿ, ಹಾರ್ನ್ ಒಂದನ್ನೇ ನಿಧಾನ ವೇಗದಲ್ಲಿ ಕೇಳಿ. ಗಡಿಯಾರದ ಮುಳ್ಳು ನೋಡುತ್ತ ಎಣಿಸಿದರೆ ನಾಲ್ಕು ಸೆಕೆಂಡಿಗೆ ಮೂರು ಸುತ್ತು ಸಿಗಬೇಕು, ಅಂದರೆ 0.75 ಹರ್ಟ್ಸ್. ಈಗ ಹಾರ್ನ್ ಇಳಿಸಿ ಡ್ರಮ್ ಒಂದನ್ನೇ ಏರಿಸಿ, ಎಡಗೈಯಲ್ಲಿ ಕೆಳಗಿನ ಸ್ವರ ಹಿಡಿಯಿರಿ. ಮೂರು ಸೆಕೆಂಡಿಗೆ ಎರಡು ಸುತ್ತು, 0.67 ಹರ್ಟ್ಸ್. ಎರಡನ್ನೂ ಸೇರಿಸಿದಾಗ ಇವು ಒಮ್ಮೆ ಜೊತೆಗೂಡಿ ಮತ್ತೆ ಅಗಲುತ್ತ ಸಾಗುತ್ತವೆ, ಅದರಿಂದಲೇ ಕಾರ್ಡ್ ಎಷ್ಟು ಹೊತ್ತು ನಿಂತರೂ ಬೇಸರ ಬರುವುದಿಲ್ಲ. ಕೆಲವು ಪ್ರಿಸೆಟ್‌ಗಳಲ್ಲಿ ಹಾರ್ನ್, ಡ್ರಮ್ ಎರಡಕ್ಕೂ ಒಂದೇ ವೇಗ ಕೊಟ್ಟಿರುತ್ತಾರೆ. ಕಂಡ ಕೂಡಲೇ ಬದಲಿಸಿ.

ಜೋರು ವೇಗಕ್ಕೆ ಹಾರ್ನ್ 6.7 ಹರ್ಟ್ಸ್, ಡ್ರಮ್ 5.7 ಹರ್ಟ್ಸ್ ಇಟ್ಟುಕೊಂಡು ಹೊರಡಿ. ಸುತ್ತಿನ ಲೆಕ್ಕ ಕೇಳುವ ಪ್ಲಗಿನ್ನಾದರೆ ನಿಮಿಷಕ್ಕೆ 400 ಮತ್ತು 340. ಇಲ್ಲಿ ಪುಸ್ತಕದ ಅಂಕಿಗೆ ಅಂಟಿಕೊಳ್ಳಬೇಕಾಗಿಲ್ಲ, ಹಾಡಿನ ಗತಿಯನ್ನು ನೋಡಬೇಕು. ನಿಮಿಷಕ್ಕೆ 100 ಬೀಟಿನ ಹಾಡಿನಲ್ಲಿ ಬೀಟಿನ ಕಾಲು ಭಾಗ ಸೆಕೆಂಡಿಗೆ 6.67 ಸಲ ಬರುತ್ತದೆ. ಹಾರ್ನಿನ ಸುತ್ತೂ ಅಷ್ಟೇ. ಹೈ-ಹ್ಯಾಟಿನ ಟಿಕಿಟಿಕಿಯೂ ಲೆಸ್ಲಿಯ ಸುತ್ತೂ ಒಂದರ ಮೇಲೊಂದು ಕೂತು, ಆರ್ಗನ್ ಯಾರೋ ವಾಲ್ಯೂಮನ್ನು ಕತ್ತರಿಸಿದಂತೆ ಕೇಳಿಸುತ್ತದೆ. 96ರಿಂದ 104 ಬೀಟಿನೊಳಗಿನ ಹಾಡಿಗೆ ಹಾರ್ನನ್ನು 6.2ಕ್ಕೆ ಇಳಿಸಿ ಅಥವಾ 7.1ಕ್ಕೆ ಏರಿಸಿ ನೋಡಿ, ಕೂಡಲೇ ಬಿಡಿಸಿಕೊಳ್ಳುತ್ತದೆ. ನಿಧಾನಗತಿಯ ಭಾವಗೀತೆಗೆ, ಪ್ರಾರ್ಥನೆಯ ಹಾಡಿಗೆ 6ರ ಆಸುಪಾಸು ನನಗೆ ಹಿತವೆನಿಸುತ್ತದೆ.

ಇನ್ನು ಮುಖ್ಯ ಸಂಗತಿ. ಪ್ಲಗಿನ್ನಿನಲ್ಲಿ ‘ಆಕ್ಸಲರೇಶನ್’, ‘ಡಿಸೆಲರೇಶನ್’ ಅಥವಾ ‘ರ‍್ಯಾಂಪ್’ ಎಂಬ ನಾಲ್ಕು ನಾಬುಗಳು ಎಲ್ಲೋ ಎರಡನೇ ಪುಟದಲ್ಲಿ ಅಡಗಿ ಕೂತಿರುತ್ತವೆ. ಹುಡುಕಿ ತೆಗೆಯಿರಿ. ಹಾರ್ನ್ ಏರಲು 1 ಸೆಕೆಂಡು, ಇಳಿಯಲು ಒಂದೂವರೆಯಿಂದ 2. ಡ್ರಮ್ ಏರಲು 5, ಇಳಿಯಲು 4ರಿಂದ 5. ಅಂಕಿಯ ಬದಲು ಶೇಕಡಾವಾರು ತೋರಿಸುವ ಪ್ಲಗಿನ್ನಾದರೆ ಕಾರ್ಡ್ ಹಿಡಿದು, ಸ್ವಿಚ್ ಒತ್ತಿ, ಫೋನಿನ ಸ್ಟಾಪ್‌ವಾಚಿನಲ್ಲಿ ಅಳೆಯಿರಿ. ಕಿವಿ ಹಾರ್ನಿನ ಮೇಲಿದ್ದರೆ ಡ್ರಮ್ ಗೊತ್ತಾಗುವುದಿಲ್ಲ, ಆದ್ದರಿಂದ ಒಂದೊಂದನ್ನೇ ಬೇರೆ ಮಾಡಿ ಕೇಳಿ.

ಈ ಒಂದು ತಿದ್ದುಪಡಿಗೆ ಅರ್ಧ ಗಂಟೆ ಕೊಡಿ. ಬಾಕಿ ಎಲ್ಲ ನಾಬುಗಳನ್ನು ಕಂಪನಿಯವರು ಕೊಟ್ಟಂತೆ ಬಿಟ್ಟರೂ ನಡೆದೀತು. ಎರಡು ರೋಟರ್ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಕಿವಿ ಅದನ್ನು ಸಾಫ್ಟ್‌ವೇರ್ ಎಂದು ತಕ್ಷಣ ಗುರುತಿಸುತ್ತದೆ. ಬೇರೆ ಬೇರೆ ಏರಿದರೆ ಪೆಟ್ಟಿಗೆ ಎದುರಿಗೆ ಇದ್ದಂತಿರುತ್ತದೆ.

ಸ್ವಿಚ್ಚನ್ನು ಎಲ್ಲಿಡುವುದು? ಅಸಲಿ ಆರ್ಗನ್ನಿನಲ್ಲಿ ಕೆಳಗಿನ ಕೀಬೋರ್ಡಿನ ಎಡಭಾಗದಲ್ಲಿ ಅರ್ಧಚಂದ್ರಾಕಾರದ ಸ್ವಿಚ್ ಇರುತ್ತದೆ. ನಮ್ಮ ಮಿಡಿ ಕೀಬೋರ್ಡಿನಲ್ಲಿ ಮಾಡ್ ವೀಲ್ ಇದೆ, ಹೆಚ್ಚಿನವರು ಅದನ್ನೇ ಬಳಸುತ್ತಾರೆ. ನನ್ನ ಸಲಹೆ ಸಸ್ಟೇನ್ ಪೆಡಲ್. ಆರ್ಗನ್ನಿಗೆ ಸಸ್ಟೇನ್ ಹೇಗೂ ಬೇಡ, ಆ ಪೆಡಲ್ ಸುಮ್ಮನೆ ಬಿದ್ದಿರುತ್ತದೆ. ಪ್ಲಗಿನ್ನಿನ ‘ಮಿಡಿ ಲರ್ನ್’ನಲ್ಲಿ ಆ ಪೆಡಲ್ಲಿನ ಸಂಕೇತವಾದ ಸಿಸಿ 64 ಅನ್ನು ವೇಗದ ಸ್ವಿಚ್ಚಿಗೆ ಕಟ್ಟಿ, ‘ಟಾಗಲ್’ ಆರಿಸಿ. ಒಮ್ಮೆ ತುಳಿದರೆ ಜೋರು, ಮತ್ತೊಮ್ಮೆ ತುಳಿದರೆ ನಿಧಾನ. ತುಳಿದಾಗ ಆಗಬೇಕಾದದ್ದು ಬಿಟ್ಟಾಗ ಆಗುತ್ತಿದ್ದರೆ ಪೆಡಲ್ಲಿನ ಧ್ರುವ ತಲೆಕೆಳಗಾಗಿದೆ. ಎಷ್ಟೋ ಕೀಬೋರ್ಡುಗಳಲ್ಲಿ ಪೆಡಲ್ ಬಿಟ್ಟು ಆನ್ ಮಾಡಿದರೆ ಅದು ತಾನೇ ಸರಿಮಾಡಿಕೊಳ್ಳುತ್ತದೆ.

ಯಾವಾಗ ತುಳಿಯಬೇಕು ಎನ್ನುವುದು ಅಭ್ಯಾಸದ ಮಾತು. ಹಾಡುಗಾರರು ಹಾಡುತ್ತಿರುವಾಗ ನಿಧಾನವೇ ಇರಲಿ, ಸಾಹಿತ್ಯದ ಕೆಳಗೆ ಜೋರು ಸುತ್ತು ಅಕ್ಷರಗಳನ್ನು ನುಂಗುತ್ತದೆ. ಚರಣದ ಕೊನೆಯ ಕಾರ್ಡಿನ ಮೇಲೆ, ಪಲ್ಲವಿಗೆ ಮರಳುವ ಎರಡು ಬೀಟಿಗೆ ಮೊದಲು ತುಳಿಯಿರಿ. ಹಾರ್ನಿಗೆ ಒಂದು ಸೆಕೆಂಡು ಬೇಕೆಂದು ಹೇಳಿದೆನಲ್ಲ, 100 ಬೀಟಿನ ಹಾಡಿನಲ್ಲಿ ಅದು ಒಂದೂಮುಕ್ಕಾಲು ಬೀಟಿಗೆ ಹತ್ತಿರ. ಪಲ್ಲವಿ ಎತ್ತುವ ಕ್ಷಣಕ್ಕೆ ಹಾರ್ನ್ ತುದಿಗೆ ಮುಟ್ಟಿರುತ್ತದೆ, ಡ್ರಮ್ ಇನ್ನೂ ಏರುತ್ತಿರುತ್ತದೆ, ಪಲ್ಲವಿಯ ಮೊದಲ ಸಾಲು ಪೂರ್ತಿ ಆರ್ಗನ್ ಬೆಳೆಯುತ್ತಲೇ ಹೋಗುತ್ತದೆ. ಬಲಗೈಯ ಕಾರ್ಡನ್ನು ಬದಲಿಸದೆ ಹಿಡಿದು ನಿಂತರೆ ಇದು ಅತಿ ಚೆನ್ನಾಗಿ ಕೇಳುತ್ತದೆ. ಬೆರಳೂ ಓಡುತ್ತ ರೋಟರೂ ಏರುತ್ತ ಇದ್ದರೆ ಎರಡೂ ವ್ಯರ್ಥ. ಪ್ರೋಕೋಲ್ ಹಾರಂ ತಂಡದ 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿನಲ್ಲಿ ಮ್ಯಾಥ್ಯೂ ಫಿಶರ್ ನುಡಿಸಿದ ಆರ್ಗನ್ನನ್ನು ಒಮ್ಮೆ ಒಳ್ಳೆಯ ಹೆಡ್‌ಫೋನಿನಲ್ಲಿ ಬರೀ ಸ್ಪೀಕರಿಗಾಗಿ ಕೇಳಿ.

ಮೂರನೇ ಸ್ಥಿತಿಯೊಂದಿದೆ: ನಿಲುಗಡೆ. ‘ಸ್ಟಾಪ್’ ಅಥವಾ ‘ಬ್ರೇಕ್’ ಎಂದು ಬರೆದಿರುತ್ತದೆ. ಹಾರ್ನ್ ನಿಂತಾಗ ಸ್ವರ ಮುಂದಕ್ಕೆ ಬಂದು ಗಟ್ಟಿಯಾಗುತ್ತದೆ. ಚುಟುಕು ತಾಳದ ಫಂಕ್ ಭಾಗಗಳಿಗೆ ಇದು ಒಳ್ಳೆಯದು. ನಿಂತಲ್ಲಿಂದ ನೇರ ಜೋರಿಗೆ ಏರಿಸುವುದರ ರುಚಿಯೂ ಬೇರೆ.

ಮೈಕು ಎಲ್ಲಿದೆ, ಸಭೆ ಎಲ್ಲಿದೆ

ಪ್ಲಗಿನ್ನಿನೊಳಗೆ ಪೆಟ್ಟಿಗೆ ಮಾತ್ರವಲ್ಲ, ಅದರ ಎದುರು ಇಟ್ಟ ಮೈಕುಗಳೂ ಇವೆ. ಹಾರ್ನಿನ ಮುಂದೆ ಸಾಮಾನ್ಯವಾಗಿ ಎರಡು ಮೈಕು, ಡ್ರಮ್ಮಿಗೆ ಒಂದು ಅಥವಾ ಎರಡು. ಮೈಕನ್ನು 20–30 ಸೆಂಟಿಮೀಟರಿಗೆ ತಂದರೆ ಹಾರ್ನ್ ಎದುರು ಬಂದಾಗ ದನಿ ಜೋರು, ಹಿಂದೆ ಹೋದಾಗ ಸಣ್ಣದು, ಏರಿಳಿತ ತೀಕ್ಷ್ಣ. ಒಂದು ಮೀಟರಿಗೆ ಸರಿಸಿದರೆ ಎಲ್ಲ ಬೆರೆತು ಮೃದುವಾಗುತ್ತದೆ. ರೋಟರಿ ‘ಅತಿಯಾಯಿತು’ ಅನಿಸಿದಾಗ ಜನ ವೇಗವನ್ನು ಕಡಿಮೆ ಮಾಡುತ್ತಾರೆ, ಸರಿಸಬೇಕಾದದ್ದು ಮೈಕನ್ನು. ಡ್ರಮ್ಮಿನ ದನಿ ನಡುವಿನಲ್ಲೇ ಇರಲಿ. ಕೆಳಸ್ವರ ಎಡಬಲಕ್ಕೆ ಓಡಾಡಿದರೆ ಬೇಸ್ ಗಿಟಾರಿನ ಜೊತೆ ಜಗಳ.

ಹೆಡ್‌ಫೋನಿನಲ್ಲಿ ಎಡಬಲ ಪೂರ್ತಿ ಹರಡಿದ ಲೆಸ್ಲಿ ಸ್ವರ್ಗ. ಅದೇ ಪ್ರಿಸೆಟ್ ಹಾಲಿನಲ್ಲಿ ಮಣ್ಣಾಗುತ್ತದೆ, ಯಾಕೆಂದರೆ ನಮ್ಮ ಚರ್ಚು, ಕಲ್ಯಾಣ ಮಂಟಪ, ಕ್ಯಾಂಪಸ್ ಬಯಲುಗಳ ಸೌಂಡ್ ವ್ಯವಸ್ಥೆ ಹೆಚ್ಚಾಗಿ ಮೋನೋ. ಎರಡು ಮೈಕು ಹಾರ್ನಿನ ಎದುರುಬದುರು ಇದ್ದರೆ ಒಂದರಲ್ಲಿ ದನಿ ಏರುವ ಹೊತ್ತಿಗೆ ಇನ್ನೊಂದರಲ್ಲಿ ಇಳಿಯುತ್ತದೆ. ಎರಡನ್ನೂ ಒಂದೇ ತಂತಿಗೆ ಕೂಡಿಸಿದಾಗ ಏರಿಳಿತ ಒಂದಕ್ಕೊಂದು ವಜಾ ಆಗಿ ಬರೀ ಒಂದು ಬಗೆಯ ಮಂಕು ಉಳಿಯುತ್ತದೆ. ಮೈಕುಗಳ ಕೋನವನ್ನು 90 ಡಿಗ್ರಿಗೋ ಅದಕ್ಕೂ ಕಡಿಮೆಗೋ ತನ್ನಿ, ಇಲ್ಲವೇ ಒಂದೇ ಮೈಕು ಇಟ್ಟುಕೊಳ್ಳಿ. ಮನೆಯಲ್ಲೇ ಲ್ಯಾಪ್‌ಟಾಪಿನ ಔಟ್‌ಪುಟ್ಟನ್ನು ಮೋನೋ ಮಾಡಿ ಕೇಳಿ ಹೊರಡಿ. ಹಾಲಿಗೆ ಹೋದ ಮೇಲೆ ಸೌಂಡಿನವರಿಗೆ, ‘ಅಣ್ಣಾ, ಒಂದೇ ಲೈನ್ ಕೊಡ್ತೀನಿ, ರಿವರ್ಬ್ ಹಾಕ್ಬೇಡಿ’ ಎಂದು ಮೊದಲೇ ಹೇಳಿಬಿಡಿ.

ವೈಟ್‌ಫೀಲ್ಡಿನ ಹಳೆಯ ಭಾಗದಲ್ಲಿ ನುಡಿಸುವವರಿಗೆ ಇನ್ನೊಂದು ಮಾತು. 1882ರಲ್ಲಿ ಚಾಮರಾಜೇಂದ್ರ ಒಡೆಯರ್ ಕೊಟ್ಟ 3,900 ಎಕರೆಯಲ್ಲಿ ಆಂಗ್ಲೋ-ಇಂಡಿಯನ್ನರ ಊರಾಗಿ ಹುಟ್ಟಿದ ಜಾಗ ಅದು. ಟೆಕ್ ಪಾರ್ಕುಗಳು ಬರುವುದಕ್ಕೆ ನೂರು ವರ್ಷ ಮೊದಲೇ ಅಲ್ಲಿ ಸ್ತುತಿಗೀತೆಗಳು ಕೇಳಿಬರುತ್ತಿದ್ದವು. ಎತ್ತರದ ಚಾವಣಿ, ಕಲ್ಲುಗೋಡೆಯ ಹಳೆಯ ಪ್ರಾರ್ಥನಾಮಂದಿರ ತನ್ನ ಅನುರಣನವನ್ನು ತಾನೇ ಕೊಡುತ್ತದೆ. ಲೆಸ್ಲಿ ಹುಡುಕುತ್ತಿದ್ದ ದೊಡ್ಡ ಹಜಾರ ನಿಮಗೆ ಅಲ್ಲಿ ಪುಕ್ಕಟೆ ಸಿಕ್ಕಿದೆ. ಪ್ಲಗಿನ್ನಿನ ರಿವರ್ಬ್ ಪೂರ್ತಿ ಆಫ್, ಮೈಕು ಹತ್ತಿರ, ಹೆಚ್ಚು ಹೊತ್ತು ನಿಧಾನ ವೇಗ, ಡ್ರಮ್ ಒಂದಿಷ್ಟು ಕಡಿಮೆ. ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಪಸ್ ಬಯಲಿನಲ್ಲಿ ರಾಜ್ಯೋತ್ಸವಕ್ಕೆ ನುಡಿಸುವಾಗ ಇದಕ್ಕೆ ತದ್ವಿರುದ್ಧ: ಶಬ್ದ ಹೋದದ್ದು ಮರಳುವುದಿಲ್ಲ, ಆದ್ದರಿಂದ ತುಸು ರಿವರ್ಬ್, ಮೈಕು ಅರ್ಧ ಮೀಟರಿನಷ್ಟು ದೂರ. ರಿವರ್ಬ್ ರೋಟರಿಯ ನಂತರ ಇರಲಿ.

ಒರಟುತನ ಎಷ್ಟಿರಬೇಕು

‘ಡ್ರೈವ್’ ಎಂಬ ನಾಬು ಆ 40 ವಾಟಿನ ವಾಲ್ವ್ ಆಂಪ್ಲಿಫೈಯರಿನದು. ಅದು ಯಾವಾಗಲೂ ರೋಟರಿಗಿಂತ ಮೊದಲು ಬರಬೇಕು, ಪೆಟ್ಟಿಗೆಯಲ್ಲಿ ಇರುವುದೂ ಹಾಗೆಯೇ. ಗಿಟಾರಿನ ಡಿಸ್ಟಾರ್ಶನ್ ಪ್ಲಗಿನ್ನನ್ನು ರೋಟರಿಯ ನಂತರ ಹಾಕಿದರೆ ಸುತ್ತಿನ ಏರಿಳಿತವೆಲ್ಲ ಚಪ್ಪಟೆಯಾಗುತ್ತದೆ. ಡೀಪ್ ಪರ್ಪಲ್‌ನ ಜಾನ್ ಲಾರ್ಡ್ ತನ್ನ ಹ್ಯಾಮಂಡನ್ನು ಮಾರ್ಷಲ್ ಗಿಟಾರ್ ಆಂಪ್ಲಿಫೈಯರಿಗೆ ಕೊಟ್ಟು ಬೇರೆಯೇ ಒಂದು ದನಿ ಮಾಡಿಕೊಂಡ. ಅದು ಬೇಕಾದರೆ ಗೊತ್ತಿದ್ದೇ ಆ ದಾರಿ ಹಿಡಿಯಿರಿ.

ಎಕ್ಸ್‌ಪ್ರೆಶನ್ ಪೆಡಲ್ ಇದ್ದರೆ ಸಿಸಿ 11ಕ್ಕೆ ಕಟ್ಟಿ, ಅದು ಡ್ರೈವಿಗಿಂತ ಮೊದಲು ಕೆಲಸ ಮಾಡುತ್ತಿದೆಯೇ ನೋಡಿಕೊಳ್ಳಿ. ಪೆಡಲ್ ಅರ್ಧದಲ್ಲಿದ್ದಾಗ ಸ್ವರ ನಯವಾಗಿಯೂ ಪೂರ್ತಿ ಒತ್ತಿದಾಗ ಅಂಚು ಒರಟಾಗಿಯೂ ಕೇಳುವಷ್ಟು ಡ್ರೈವ್ ಸಾಕು. ಪೂರ್ತಿ ಒತ್ತಿದಾಗಲೂ ಔಟ್‌ಪುಟ್ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ.

ಹಾರ್ನಿನ ‘ಡಿಫ್ಲೆಕ್ಟರ್’ ಎಂಬ ಸ್ವಿಚ್ ಕೆಲವು ಪ್ಲಗಿನ್ನುಗಳಲ್ಲಿದೆ. ಹಾರ್ನಿನ ಬಾಯಿಯ ಮುಂದೆ ಶಬ್ದ ಚದುರಿಸಲು ಇಟ್ಟ ಪುಟ್ಟ ಅಡ್ಡಿ ಅದು. ತೆಗೆದರೆ ಸುತ್ತು ಹೆಚ್ಚು ಚೂಪಾಗುತ್ತದೆ. ಇರಲಿ ಬಿಡಿ, ತೆಗೆಯಲು ಕಾರಣ ಸಿಗುವವರೆಗೆ.

ಯಾವ ಪ್ಲಗಿನ್ ಎಂಬುದು ದೊಡ್ಡ ಪ್ರಶ್ನೆಯಲ್ಲ. ಆಪಲ್‌ನ ಲಾಜಿಕ್ ಪ್ರೋ ಇರುವವರಿಗೆ ಅದರಲ್ಲೇ ವಿಂಟೇಜ್ ಬಿ3 ಇದೆ, ಅದರ ರೋಟರ್ ಪುಟದಲ್ಲಿ ಬೇಕಾದ ನಾಬುಗಳೆಲ್ಲ ಇವೆ. ಹಣ ಕೊಟ್ಟು ಕೊಳ್ಳುವವರಿಗೆ ಜಿಜಿ ಆಡಿಯೋದ ಬ್ಲೂ3, ಐಕೆ ಮಲ್ಟಿಮೀಡಿಯಾದ ಬಿ-3ಎಕ್ಸ್, ಆರ್ಟೂರಿಯಾದ ಬಿ-3 ವಿ. ಲಿನಕ್ಸ್ ಬಳಸುವ ಗೆಳೆಯರು ಸೆಟ್‌ಬಿಫ್ರೀ ನೋಡಬೇಕು. ಅದು ಮುಕ್ತ ತಂತ್ರಾಂಶ, ಪುಕ್ಕಟೆ. ಸುತ್ತಿನ ವೇಗವನ್ನೂ ಏರಿಳಿತದ ಹೊತ್ತನ್ನೂ ಸಂರಚನಾ ಕಡತದಲ್ಲಿ ಅಂಕಿಯಾಗಿ ಬರೆಯಬಹುದು. ಕೋಡ್ ಬರೆಯುವವರಿಗೆ ನಾಬು ತಿರುಗಿಸುವುದಕ್ಕಿಂತ ಅದೇ ಆಪ್ತವಾಗುತ್ತದೆ.

ಲೆಸ್ಲಿ ಆರ್ಗನ್ನಿಗೆ ಮಾತ್ರ ಮೀಸಲೂ ಅಲ್ಲ. 1966ರಲ್ಲಿ ಬೀಟಲ್ಸ್ ತಂಡ ‘ಟುಮಾರೋ ನೆವರ್ ನೋಸ್’ ಹಾಡಿಗೆ ಜಾನ್ ಲೆನನ್‌ನ ಕಂಠವನ್ನೇ ಈ ಪೆಟ್ಟಿಗೆಯಲ್ಲಿ ತಿರುಗಿಸಿತು. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ವಾದ್ಯ ಹಾರ್ಮೋನಿಯಂ. ಸುಗಮ ಸಂಗೀತದ ತಂಡಗಳು ಒಮ್ಮೆ ಮಾಡಿ ನೋಡಬೇಕು. ಹಾರ್ಮೋನಿಯಂಗೆ ಮೈಕಿಟ್ಟು ರೋಟರಿ ಪ್ಲಗಿನ್ನಿಗೆ ಕೊಡಿ. ಡ್ರೈವ್ ಸೊನ್ನೆ, ವೇಗ ನಿಧಾನ, ಮೂಲ ಸ್ವರ ಅರ್ಧ, ತಿರುಗುವ ಸ್ವರ ಅರ್ಧ. ರೀಡಿನ ಕಟುತನ ಕರಗಿ ಸ್ವರದ ಸುತ್ತ ಗಾಳಿ ಆಡಿದಂತಾಗುತ್ತದೆ. ಜೋರು ವೇಗ ಮಾತ್ರ ಇಲ್ಲಿ ಬೇಡ, ಶ್ರುತಿಯ ಅಲುಗಾಟ ಹಾಡುವವರ ಸ್ವರಸ್ಥಾನವನ್ನು ಕೆಡಿಸುತ್ತದೆ.

ಕೊನೆಗೆ, ಮಾಡಿದ್ದನ್ನು ಉಳಿಸಿಕೊಳ್ಳಿ. ಪ್ರಿಸೆಟ್‌ಗಳಿಗೆ ‘ಆರ್ಗನ್ 1’, ‘ಆರ್ಗನ್ 2’ ಎಂದು ಹೆಸರಿಟ್ಟರೆ ವೇದಿಕೆಯ ಕತ್ತಲಲ್ಲಿ ಯಾವುದು ಯಾವುದೆಂದು ತಿಳಿಯುವುದಿಲ್ಲ. ‘ಮನೆ ಹೆಡ್‌ಫೋನ್’, ‘ಚರ್ಚ್ ಮೋನೋ’, ‘ಬಯಲು’, ‘ಹಾರ್ಮೋನಿಯಂ’ ಎಂದು ಜಾಗದ, ವಾದ್ಯದ ಹೆಸರನ್ನೇ ಇಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ನುಡಿಸುತ್ತಿದ್ದರೆ ಅವುಗಳ ಒಂದು ಪ್ರತಿ ಪೆನ್‌ಡ್ರೈವಿನಲ್ಲೂ ಇರಲಿ. ಐಟಿ ವಿಭಾಗದವರು ಲ್ಯಾಪ್‌ಟಾಪ್ ಬದಲಿಸಿಕೊಡುವ ದಿನ ಮೊದಲೇ ಹೇಳಿ ಬರುವುದಿಲ್ಲ.